ಹಳೆಯ ಜೀಪಿನ ಅಡಿಯ ಎಣ್ಣೆ ಕಲೆ: ಯಾವ ಹನಿಗೆ ಹೆದರಬೇಕು, ಯಾವುದರೊಂದಿಗೆ ಬಾಳಬಹುದು

ಐವತ್ತು ಅರವತ್ತು ವರ್ಷ ಹಳೆಯ ಫೋರ್ ವೀಲ್ ಡ್ರೈವ್ ವಾಹನವೊಂದು ಮನೆಗೆ ಬಂದಿದೆ ಎಂದುಕೊಳ್ಳಿ. ಅಜ್ಜನಿಂದ ಬಂದಿರಬಹುದು, ಆಸೆಪಟ್ಟು ಕೊಂಡದ್ದಿರಬಹುದು. ಮೊದಲ ರಾತ್ರಿ ಕಳೆದು ಬೆಳಿಗ್ಗೆ ನೋಡಿದರೆ ನೆಲದ ಮೇಲೆ ನಾಲ್ಕು ಕಲೆ. ಎಂಜಿನ್ನಿನ ಕೆಳಗೆ ಕಪ್ಪಗಿನದು, ವಾಹನದ ನಡುವೆ ಜೇನಿನ ಬಣ್ಣದ್ದು, ಮುಂದಿನ ಚಕ್ರದ ಪಕ್ಕ ಒಂದು, ಹಿಂದಿನ ಚಕ್ರದ ಒಳಬದಿಯಲ್ಲಿ ಇನ್ನೊಂದು. ಅಲ್ಲಿಂದ ಸಲಹೆಗಳ ಸುರಿಮಳೆ. ಒಬ್ಬರು ಎಂಜಿನ್ ಇಳಿಸಿ ಎಲ್ಲ ಸೀಲುಗಳನ್ನೂ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಇವು ಸೋರುವುದೇ ಹೀಗೆ, ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ನಾಲ್ಕರಲ್ಲಿ ಮೂರು ಕಲೆಗಳು, ಎಣ್ಣೆಯ ಮಟ್ಟ ನೋಡಿಕೊಳ್ಳುತ್ತಿದ್ದರೆ, ವರ್ಷಗಟ್ಟಲೆ ಹಾಗೇ ಇದ್ದರೂ ವಾಹನಕ್ಕೆ ಏನೂ ಆಗದಿರಬಹುದು. ನಾಲ್ಕನೆಯದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಂತೆ ಮಾಡಿಬಿಡಬಹುದು. ಯಾವುದು ಯಾವುದೆಂದು ಬೇರ್ಪಡಿಸಲು ಎಣ್ಣೆ ಎಲ್ಲೆಲ್ಲಿ ಇರುತ್ತದೆ, ಅದನ್ನು ಏನು ತಡೆದಿರುತ್ತದೆ, ಆ ತಡೆ ಏಕೆ ಸೋಲುತ್ತದೆ ಎಂಬುದು ಗೊತ್ತಿರಬೇಕು.

ಒಂದು ವಾಹನದಲ್ಲಿ ಎಂಟು ಎಣ್ಣೆ ಪಾತ್ರೆ

ಮುಂದಿನ ಚಕ್ರಗಳಿಂದ ಓಡುವ ಇಂದಿನ ಸಾಧಾರಣ ಕಾರಿನಲ್ಲಿ ಬಿಡಿಭಾಗಗಳು ಉಜ್ಜದೆ ಜಾರಲೆಂದು ತುಂಬಿದ ಎಣ್ಣೆ ಮುಖ್ಯವಾಗಿ ಎರಡು ಕಡೆ ಇರುತ್ತದೆ, ಎಂಜಿನ್ನಿನಲ್ಲಿ ಮತ್ತು ಗೇರ್ ಬಾಕ್ಸಿನಲ್ಲಿ. ಹಳೆಯ ಫೋರ್ ವೀಲ್ ಡ್ರೈವಿನ ಲೆಕ್ಕ ಬೇರೆ. 1948ರಿಂದ 1985ರವರೆಗೆ ತಯಾರಾದ ಲ್ಯಾಂಡ್ ರೋವರ್ ಸೀರೀಸ್ ವಾಹನಗಳನ್ನೇ ತೆಗೆದುಕೊಳ್ಳಿ. ಮೊದಲು ಎಂಜಿನ್. ಅದರ ಹಿಂದೆ ಗೇರ್ ಬಾಕ್ಸ್. ಅದಕ್ಕೆ ಅಂಟಿಕೊಂಡು, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಬಾಕ್ಸ್. ಎಡಬಲದ ಚಕ್ರಗಳನ್ನು ಹೊರುವ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಲ್ಲಿ ಒಂದೊಂದು ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಅವಕಾಶ ಕೊಡುವ ಗೇರುಗಳ ಜೋಡಣೆ. ಮುಂದಿನ ಎರಡು ಚಕ್ರಗಳ ಒಳಬದಿಯಲ್ಲಿ, ಚಕ್ರ ಎಡಬಲಕ್ಕೆ ತಿರುಗಲು ಅನುವಾಗುವ ಒಂದೊಂದು ಸ್ವಿವೆಲ್ ಗೋಳ. ಕೊನೆಗೆ ಸ್ಟಿಯರಿಂಗ್ ಬಾಕ್ಸ್. ಎಣಿಸಿದರೆ ಎಂಟು. ಎರಡನೆಯ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪ್, 1960ರಿಂದ 1984ರವರೆಗೆ ಬಂದ ಟೊಯೊಟಾ ಎಫ್‌ಜೆ40 ಮುಂತಾದವುಗಳ ಲೆಕ್ಕ ತುಸು ಆಚೀಚೆ ಆದರೂ ಕಥೆ ಇದೇ.

ಈ ಪಾತ್ರೆಗಳಲ್ಲಿ ಯಾವುದೂ ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಪ್ರತಿಯೊಂದರ ಗೋಡೆಯನ್ನೂ ಕೊರೆದುಕೊಂಡು ತಿರುಗುವ ಉಕ್ಕಿನ ದಂಡ, ಅಂದರೆ ಶಾಫ್ಟ್, ಹೊರಗೆ ಬರುತ್ತದೆ. ಎಣ್ಣೆ ಒಳಗೇ ಇರಬೇಕು, ದಂಡ ಮಾತ್ರ ಹೊರಗೆ ಬರಬೇಕು. ಜೊತೆಗೆ ಪ್ರತಿ ಪಾತ್ರೆಯೂ ಎರಡು ಮೂರು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದು. ಹೀಗೆ ಸೋರಲು ಸಾಧ್ಯವಿರುವ ಜಾಗಗಳೇ ಹತ್ತಾರು. ಕಲ್ಲುಗುಂಡಿಗಳ ಮೇಲೆ ಓಡುವಾಗ ವಾಹನದ ಅಡಿಚೌಕಟ್ಟಾದ ಚಾಸಿಯೇ ತುಸು ತಿರುಚಿಕೊಳ್ಳುತ್ತದೆ, ಆ ಎಳೆತ ಜೋಡಣೆಗಳಿಗೂ ತಲುಪುತ್ತದೆ. ಇನ್ನು ಬಿಸಿ. ಬಿಸಿಯಾದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇವೆರಡು ಲೋಹಗಳು ಕೂಡುವ ಕಡೆ, ವಾಹನ ಬಿಸಿಯಾಗಿ ತಣಿದಾಗಲೆಲ್ಲ ಒಂದರ ಮೇಲೊಂದು ಕೂದಲೆಳೆಯಷ್ಟು ಸರಿದಾಡುತ್ತವೆ. ಐವತ್ತು ವರ್ಷ ಹೀಗೆ ಉಜ್ಜಿಕೊಂಡ ಜೋಡಣೆ ಹೊಸದರಂತೆ ಬಿಗಿಯಾಗಿ ಉಳಿಯುವುದಿಲ್ಲ.

ಎಣ್ಣೆಯನ್ನು ಹಿಡಿದಿಡುವವು: ಗ್ಯಾಸ್ಕೆಟ್ ಮತ್ತು ಸೀಲ್

ಅಲುಗಾಡದ ಎರಡು ಲೋಹಗಳ ನಡುವೆ ಕೂರುವುದು ಗ್ಯಾಸ್ಕೆಟ್. ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೈಯಲ್ಲಿ ಸಣ್ಣ ಉಬ್ಬುತಗ್ಗುಗಳಿರುತ್ತವೆ. ಮೆತ್ತನೆಯ ಪದರವೊಂದನ್ನು ನಡುವೆ ಇಟ್ಟು ಒತ್ತಿದರೆ ಅದು ತಗ್ಗುಗಳನ್ನು ತುಂಬುತ್ತದೆ. ಹಳೆಯ ವಾಹನಗಳಲ್ಲಿ ಈ ಪದರ ಕಾಗದದ್ದೋ ಕಾರ್ಕಿನದೋ ಆಗಿರುತ್ತದೆ. ಕಾರ್ಕ್ ಎಂದರೆ ಮರದ ತೊಗಟೆ. ವರ್ಷಗಳು ಕಳೆದಂತೆ ಅದು ಒಣಗಿ ಕುಗ್ಗುತ್ತದೆ, ಒತ್ತಿದರೆ ಮತ್ತೆ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ. ಬೋಲ್ಟ್ ಬಿಗಿಯಾಗಿಯೇ ಇದ್ದರೂ ಒತ್ತಡ ಮಾಯವಾಗಿರುತ್ತದೆ. ಕುಕ್ಕರಿನ ಹಳೆಯ ಗ್ಯಾಸ್ಕೆಟ್ ಗಟ್ಟಿಯಾಗಿ ಅಂಚಿನಿಂದ ಹಬೆ ಬಿಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ತಿರುಗುವ ದಂಡವನ್ನು ಸುತ್ತುವರಿಯುವುದು ಆಯಿಲ್ ಸೀಲ್. ಇದರ ಕೆಲಸ ಬಹಳ ಸೂಕ್ಷ್ಮ. ಹೊಸ ಸೀಲೊಂದನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಲೋಹದ ಬಳೆ, ಒಳಗೆ ತುಟಿಯಂತೆ ಚಾಚಿದ ತೆಳು ರಬ್ಬರ್, ಆ ತುಟಿಯ ಬೆನ್ನಿಗೆ ಕತ್ತಿನ ಸರದಂತೆ ಸುತ್ತಿಕೊಂಡ ಸಣ್ಣ ಸ್ಪ್ರಿಂಗ್. ಆ ಸ್ಪ್ರಿಂಗ್ ತುಟಿಯನ್ನು ಶಾಫ್ಟಿನ ಮೇಲೆ ಹದವಾಗಿ ಒತ್ತಿ ಹಿಡಿಯುತ್ತದೆ. ಆದರೆ ತುಟಿ ಶಾಫ್ಟನ್ನು ಒಣಗಿದ ಸ್ಥಿತಿಯಲ್ಲಿ ಮುಟ್ಟುವುದಿಲ್ಲ. ನಡುವೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ತೆಳುವಾದ ಎಣ್ಣೆಯ ಪೊರೆ ಇರಲೇಬೇಕು. ಇಲ್ಲದಿದ್ದರೆ ರಬ್ಬರ್ ಸುಟ್ಟುಹೋಗುತ್ತದೆ. ಅಂದರೆ ಸರಿಯಾಗಿ ಕೆಲಸ ಮಾಡುತ್ತಿರುವ ಸೀಲ್ ಕೂಡ ಸದಾ ಒದ್ದೆಯಾಗಿಯೇ ಇರುತ್ತದೆ. ಹೊರಮೈಯಲ್ಲಿ ತುಸು ಪಸೆ ಕಂಡ ಕೂಡಲೇ ಸೀಲ್ ಹಾಳಾಗಿದೆ ಎಂದು ತೀರ್ಮಾನಿಸಬಾರದು ಎನ್ನುವುದು ಇದಕ್ಕೇ.

ಈ ಸೀಲ್ ಎರಡು ಬಗೆಯಲ್ಲಿ ಸೋಲುತ್ತದೆ. ಬಿಸಿ ಮತ್ತು ವಯಸ್ಸಿನಿಂದ ರಬ್ಬರ್ ಗಡುಸಾಗಿ ತುಟಿ ಬಿರುಕು ಬಿಡುವುದು ಮೊದಲನೆಯದು. ಇದಕ್ಕೆ ಹೊಸ ಸೀಲ್ ಹಾಕಿದರೆ ಸಾಕು. ಎರಡನೆಯದು ಅನೇಕರಿಗೆ ಹೊಳೆಯುವುದಿಲ್ಲ. ಮೆತ್ತನೆಯ ರಬ್ಬರ್ ಗಟ್ಟಿ ಉಕ್ಕನ್ನೇ ಸವೆಸುತ್ತದೆ. ತುಟಿಗೆ ಅಂಟಿದ ಧೂಳು ಸಾಣೆಯಂತೆ ಕೆಲಸ ಮಾಡಿ, ದಶಕಗಳಲ್ಲಿ ಶಾಫ್ಟಿನ ಮೇಲೆ ಉಂಗುರದಂಥ ಗೀರು ಕೊರೆಯುತ್ತದೆ. ಕಣ್ಣಿಗೆ ಅದು ಬರೀ ಹೊಳೆಯುವ ಗೆರೆ. ಉಗುರನ್ನು ಅಡ್ಡಕ್ಕೆ ಎಳೆದು ನೋಡಿದರೆ ಗೊತ್ತಾಗುತ್ತದೆ: ಉಗುರು ಸಿಕ್ಕಿಕೊಂಡರೆ ಅಲ್ಲಿ ಎಷ್ಟು ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲುವುದಿಲ್ಲ. ನನ್ನ ವಾಹನದ ಹಿಂದಿನ ಡಿಫರೆನ್ಷಿಯಲ್ಲಿಗೆ ಒಂದಾದ ಮೇಲೊಂದರಂತೆ ಎರಡು ಹೊಸ ಸೀಲುಗಳನ್ನು ಹಾಕಿಸಿ, ಎರಡೂ ಸೋರಿದ ಮೇಲೆ ನಾನು ಉಗುರಾಡಿಸಿ ನೋಡಿದೆ. ತಪ್ಪು ಸೀಲಿನದ್ದಾಗಿರಲೇ ಇಲ್ಲ. ಇದಕ್ಕೆ ಪರಿಹಾರ ಎರಡು. ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೋ ಹೊರಗೋ ಕೂರಿಸಿ ತುಟಿ ಹೊಸ ಜಾಗದಲ್ಲಿ ಓಡುವಂತೆ ಮಾಡುವುದು ಒಂದು. ಸವೆದ ಜಾಗಕ್ಕೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಉಕ್ಕಿನ ಕೊಳವೆಯಂಥ ಕವಚವನ್ನು (ಸ್ಲೀವ್) ತೊಡಿಸುವುದು ಇನ್ನೊಂದು.

ಇನ್ನೂ ಹಳೆಯ ವಾಹನಗಳಲ್ಲಿ ರಬ್ಬರಿನ ಸೀಲೇ ಇರುವುದಿಲ್ಲ. ಕೆಲವು ಕಡೆ ಚರ್ಮದ ಸೀಲ್ ಇರುತ್ತದೆ. ಸೈಕಲ್ ಪಂಪಿನೊಳಗಿನ ಚರ್ಮದ ವಾಷರ್ ಒಣಗಿದರೆ ಗಾಳಿ ಹಿಡಿಯುವುದಿಲ್ಲ, ಎರಡು ಹನಿ ಎಣ್ಣೆ ಬಿಟ್ಟರೆ ಮತ್ತೆ ಹಿಡಿಯುತ್ತದೆ ಅಲ್ಲವೇ? ಚರ್ಮದ ಸೀಲಿನ ಸ್ವಭಾವವೂ ಅದೇ. ತಿಂಗಳುಗಟ್ಟಲೆ ನಿಂತ ವಾಹನ ಹೆಚ್ಚು ಸೋರುತ್ತದೆ, ವಾರಕ್ಕೊಮ್ಮೆ ಓಡಿಸಿದರೆ ಸೋರಿಕೆ ತಾನಾಗಿ ತಗ್ಗುತ್ತದೆ. ಎಂಜಿನ್ನಿನ ಹಿಂತುದಿಯಲ್ಲಿ, ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ಹೊರಬರುವ ಕಡೆ, ಆ ಕಾಲದ ಅನೇಕ ಎಂಜಿನ್‌ಗಳಲ್ಲಿ ಗ್ರಾಫೈಟ್ ಸವರಿದ ಹಗ್ಗದ ತುಂಡನ್ನು ತೋಡಿನಲ್ಲಿ ಕೂರಿಸುತ್ತಿದ್ದರು. ಹಗ್ಗ ಎಣ್ಣೆಯನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ಅಲ್ಲಿಂದ ಬೀಳುವ ಒಂದೆರಡು ಹನಿಯನ್ನು ತಯಾರಿಸಿದವರೂ ದೋಷವೆಂದು ಎಣಿಸುತ್ತಿರಲಿಲ್ಲ.

ಹಳೆಯ ಹಗ್ಗದ ಸೀಲ್, ಹಳೆಯ ಗ್ಯಾಸ್ಕೆಟ್ ಮತ್ತು ಬ್ರೇಕಿನಲ್ಲಿ ಉಜ್ಜಿ ಹಿಡಿಯುವ ಪಟ್ಟಿಗಳಾದ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒಣಗಿದ್ದಾಗ ಕೆರೆಯಬೇಡಿ, ಗಾಳಿ ಊದಿ ಸ್ವಚ್ಛ ಮಾಡಬೇಡಿ. ನೀರು ಸಿಂಪಡಿಸಿ ಒದ್ದೆ ಮಾಡಿಕೊಂಡು, ತಕ್ಕ ಮುಖಗವಸು ಹಾಕಿಕೊಂಡೇ ತೆಗೆಯಬೇಕು.

ಉಸಿರು ಕಟ್ಟಿದರೆ ಎಣ್ಣೆ ಹೊರಬರುತ್ತದೆ

ಸೋರಿಕೆಯ ಕಾರಣಗಳಲ್ಲಿ ಅತಿ ಸುಲಭವಾಗಿ ಸರಿಪಡಿಸಬಹುದಾದದ್ದೇ ಹೆಚ್ಚಾಗಿ ಯಾರ ಗಮನಕ್ಕೂ ಬರುವುದಿಲ್ಲ. ಅದು ಬ್ರೀದರ್, ಅಂದರೆ ಉಸಿರುಗಂಡಿ. ಆಕ್ಸಲ್ಲಿನ ನೆತ್ತಿಯ ಮೇಲೆ ಒಂದು ಬೋಲ್ಟಿನಷ್ಟು ಗಾತ್ರದ ತುಂಡು; ಕೆಸರು ಮೆತ್ತಿಕೊಂಡಿದ್ದರೆ ಅದು ಇದೆಯೆಂದೇ ತಿಳಿಯುವುದಿಲ್ಲ.

ಆಕ್ಸಲ್ಲಿನೊಳಗೆ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿ. ಬೆಳಿಗ್ಗೆ 25 ಡಿಗ್ರಿ ಸೆಲ್ಸಿಯಸ್ ಇದ್ದ ಆ ಗಾಳಿ ಓಡಾಟದ ನಂತರ 80 ಡಿಗ್ರಿಗೆ ಏರಿದರೆ ಸುಮಾರು 18 ಶೇಕಡಾ ಹಿಗ್ಗಲು ನೋಡುತ್ತದೆ. ಉಸಿರುಗಂಡಿ ತೆರೆದಿದ್ದರೆ ಹೆಚ್ಚಿನ ಗಾಳಿ ಅಲ್ಲಿಂದ ಹೋಗುತ್ತದೆ. ಮುಚ್ಚಿದ್ದರೆ ಅಷ್ಟೂ ಒತ್ತಡ ಸೀಲುಗಳ ಮೇಲೆ ಬಿದ್ದು, ತುಟಿಯನ್ನು ಎತ್ತಿಕೊಂಡು ಎಣ್ಣೆ ಹೊರಗೆ ಬರುತ್ತದೆ. ಕುಕ್ಕರಿನ ವೆಯ್ಟ್ ಕೂರುವ ಕೊಳವೆ ಕಟ್ಟಿಕೊಂಡಾಗ ಹಬೆ ಗ್ಯಾಸ್ಕೆಟ್ಟಿನ ಸಂದಿ ಹುಡುಕುವುದು ಇದೇ ಲೆಕ್ಕದಲ್ಲಿ. ಸೀಲ್ ಚೆನ್ನಾಗಿಯೇ ಇರುತ್ತದೆ, ಬದಲಿಸಿದರೂ ಸೋರಿಕೆ ನಿಲ್ಲುವುದಿಲ್ಲ, ಮೆಕ್ಯಾನಿಕ್ ಮೇಲೆ ಸಿಟ್ಟು ಬರುತ್ತದೆ.

ಹಳ್ಳ ದಾಟುವ ವಾಹನಗಳಿಗೆ ಇದರ ಇನ್ನೊಂದು ಮುಖವೂ ಇದೆ, ಅದು ಹೆಚ್ಚು ಅಪಾಯದ್ದು. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಉಸಿರುಗಂಡಿ ಕಟ್ಟಿದ್ದರೆ, ಅಥವಾ ಅದೇ ನೀರಿನಲ್ಲಿ ಮುಳುಗಿದ್ದರೆ, ನೀರು ಸೀಲಿನ ಸಂದಿಯಿಂದಲೋ ಆ ಗಂಡಿಯಿಂದಲೋ ಒಳಗೆ ಬರುತ್ತದೆ. ನೀರು ಬೆರೆತ ಗೇರ್ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಉಸಿರುಗಂಡಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾನೆಟ್ ಒಳಗೆ ಎತ್ತರದಲ್ಲಿ ಕಟ್ಟುವ ಅಭ್ಯಾಸ ಹುಟ್ಟಿದ್ದು ಈ ಕಾರಣಕ್ಕೆ. ಒಂದು ಸಂಜೆಯ ಕೆಲಸ, ನೀರಿಗೆ ಇಳಿಯುವ ವಾಹನಕ್ಕೆ ನಾನು ಮೊದಲು ಮಾಡಿಸೆನ್ನುವುದು ಇದನ್ನೇ.

ಎಂಜಿನ್ನಿಗೂ ಉಸಿರು ಬೇಕು, ಇನ್ನೂ ಹೆಚ್ಚಾಗಿ ಬೇಕು. ಪಿಸ್ಟನ್ ರಿಂಗುಗಳನ್ನು ದಾಟಿಕೊಂಡು ಉರಿದ ಅನಿಲ ಸ್ವಲ್ಪ ಸ್ವಲ್ಪವಾಗಿ ಎಂಜಿನ್ನಿನ ಕೆಳಭಾಗಕ್ಕೆ ಇಳಿಯುತ್ತಲೇ ಇರುತ್ತದೆ. ರಿಂಗ್ ಸವೆದಷ್ಟೂ ಅದು ಹೆಚ್ಚು. ಹೋಗಲು ದಾರಿ ಇಲ್ಲದಿದ್ದರೆ ಎಣ್ಣೆಯನ್ನು ಸಿಕ್ಕ ಸಂದಿಯಲ್ಲೆಲ್ಲ ತಳ್ಳುತ್ತದೆ. ಬ್ರೀದರಿನೊಳಗಿನ ತಂತಿಯ ಜಾಲರಿ ಮಸಿ ಮತ್ತು ಜಿಡ್ಡಿನಿಂದ ಕಟ್ಟಿಕೊಂಡಿದ್ದರೆ ಅದನ್ನು ತೊಳೆಯುವುದರಿಂದಲೇ ಎರಡು ಮೂರು ಕಡೆಯ ಸೋರಿಕೆ ಒಟ್ಟಿಗೆ ತಗ್ಗುವುದುಂಟು. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳ ತೆರೆದು ನೋಡಿ. ಹೊಗೆ ಬುಸುಬುಸು ಎಂದು ಬಂದರೆ ರಿಂಗುಗಳು ಸವೆದಿವೆ ಎಂಬುದಕ್ಕೆ ಸೂಚನೆ. ಆಗ ಹೊರಗಿನ ಸೀಲುಗಳನ್ನಷ್ಟೇ ಬದಲಿಸಿ ಫಲವಿಲ್ಲ.

ಹನಿಯ ಊರು ಯಾವುದು?

ತಾರಸಿ ಸೋರಿದಾಗ ಗೋಡೆಯ ಮೇಲೆ ಕಲೆ ಕಾಣುವುದು ಒಂದು ಕಡೆ, ಬಿರುಕು ಇರುವುದು ಇನ್ನೊಂದು ಕಡೆ. ವಾಹನದಲ್ಲೂ ಹೀಗೇ. ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ, ಕೊನೆಗೆ ಅತ್ಯಂತ ತಗ್ಗಾದ ಬೋಲ್ಟಿನ ತುದಿಯಿಂದ ಬೀಳುತ್ತದೆ. ಎಂಜಿನ್ನಿನ ಮೇಲ್ಮುಚ್ಚಳದ ಕಾರ್ಕ್ ಹೋಗಿದ್ದರೆ, ಎಣ್ಣೆ ಹಿಂಗೋಡೆಯಲ್ಲಿ ಜಾರಿ ಗೇರ್ ಬಾಕ್ಸ್ ಬಳಿ ತೊಟ್ಟಿಕ್ಕುತ್ತದೆ. ನೋಡಿದವರು ದೊಡ್ಡ ಸೀಲೇ ಹೋಯಿತೆಂದು ಗೇರ್ ಬಾಕ್ಸ್ ಇಳಿಸಲು ಸಿದ್ಧರಾಗುತ್ತಾರೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು, ಎಲ್ಲಕ್ಕಿಂತ ಮುಂದಿನದನ್ನು ಹುಡುಕಬೇಕು.

ಹುಡುಕುವ ಮೊದಲು ತೊಳೆಯಬೇಕು. ಹತ್ತು ವರ್ಷದ ಜಿಡ್ಡಿನ ಮೇಲೆ ಇಂದಿನ ಹನಿ ಕಾಣುವುದಿಲ್ಲ. ಜಿಡ್ಡು ಕರಗಿಸುವ ದ್ರವ ಹಚ್ಚಿ, ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ಸಂಶಯವಿರುವ ಕಡೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ ಹತ್ತು ಹದಿನೈದು ನಿಮಿಷ ಓಡಿಸಿ ಬಂದರೆ, ಬಿಳಿಯ ಮೇಲೆ ಕಂದು ಗೆರೆಯೊಂದು ಮೂಡಿರುತ್ತದೆ. ಆ ಗೆರೆಯ ತಲೆ ಎಲ್ಲಿದೆಯೋ ಅಲ್ಲೇ ಸೋರಿಕೆ. ಕೆಳಗೆ ತೂರಿಕೊಳ್ಳುವಾಗ ಬರೀ ಜಾಕ್ ನಂಬಬೇಡಿ. ಗಟ್ಟಿ ಸ್ಟ್ಯಾಂಡುಗಳ ಮೇಲೆ ವಾಹನವನ್ನು ಕೂರಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು ಒಳಗೆ ಹೋಗಿ.

ಇದಕ್ಕಿಂತಲೂ ಸರಳವಾದ ಸಾಧನ ದೊಡ್ಡ ರಟ್ಟಿನ ಹಾಳೆ. ರಾತ್ರಿ ವಾಹನದ ಅಡಿಗೆ ಹಾಸಿ, ನಾಲ್ಕು ಚಕ್ರಗಳ ಜಾಗವನ್ನು ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಎಳೆದರೆ ನಿಮ್ಮ ವಾಹನದ ನಕ್ಷೆಯೇ ಸಿಗುತ್ತದೆ. ಕಲೆಯ ಪಕ್ಕ ದಿನಾಂಕ ಬರೆದಿಡಿ. ಕಲೆಯನ್ನು ಬೆರಳಲ್ಲಿ ಮುಟ್ಟಿ, ಮೂಸಿ ನೋಡಿ. ಕಪ್ಪು ಅಥವಾ ಕಂದು, ತೆಳು, ಸುಟ್ಟ ವಾಸನೆ ಇದ್ದರೆ ಎಂಜಿನ್ ಆಯಿಲ್. ಜೇನಿನಂತೆ ದಪ್ಪವಾಗಿದ್ದು ಗಂಧಕದ ಕಟು ವಾಸನೆ ಬಂದರೆ ಗೇರ್ ಎಣ್ಣೆ. ಗೇರು ಹಲ್ಲುಗಳ ಭಾರಿ ಒತ್ತಡ ತಡೆಯಲು ಅದಕ್ಕೆ ಗಂಧಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಹಸಿರೋ ಗುಲಾಬಿಯೋ ಬಣ್ಣದ, ಸಿಹಿ ವಾಸನೆಯ ನೀರಾದರೆ ರೇಡಿಯೇಟರಿನ ಕೂಲಂಟ್. ಅದು ವಿಷ, ಬಾಯಿಗೆ ಹೋಗಬಾರದು, ಸಾಕುಪ್ರಾಣಿಗಳು ನೆಕ್ಕದಂತೆ ನೋಡಿಕೊಳ್ಳಬೇಕು. ನೀರಿನಷ್ಟು ತೆಳುವಾಗಿ, ತಿಳಿಹಳದಿಯಾಗಿ, ಜಾರುವಂತಿದ್ದು ಬಣ್ಣ ಬಳಿದ ಮೈಯನ್ನು ಕೀಳುತ್ತಿದ್ದರೆ ಅದು ಬ್ರೇಕ್ ದ್ರವ.

ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಕಡೆ, ಕ್ಲಚ್ ಇರುವ ಗೂಡಿನ ತಳದಲ್ಲಿ ಲ್ಯಾಂಡ್ ರೋವರಿನಂಥ ವಾಹನಗಳಿಗೆ ಒಂದು ರಂಧ್ರವಿರುತ್ತದೆ. ಅಲ್ಲಿಂದ ಬೀಳುವ ಹನಿ ಎಂಜಿನ್ ಹಿಂಬದಿಯ ಸೀಲಿನದ್ದೋ ಗೇರ್ ಬಾಕ್ಸ್ ಮುಂಬದಿಯ ಸೀಲಿನದ್ದೋ ಎಂಬುದನ್ನು ಮೂಗೇ ಹೇಳಬೇಕು. ರಂಧ್ರ ಇರುವುದೇ ಎಣ್ಣೆ ಕ್ಲಚ್ಚಿಗೆ ತಾಗದೆ ಹೊರಬೀಳಲೆಂದು. ನೀರಿಗಿಳಿಯುವ ಮುನ್ನ ಅದಕ್ಕೆ ಬೋಲ್ಟ್ ಹಾಕುತ್ತಾರೆ. ದಡ ಸೇರಿದ ಮೇಲೆ ಆ ಬೋಲ್ಟ್ ಬಿಚ್ಚಲೇಬೇಕು. ಮರೆತರೆ ಹೊರಗೆ ಸೋರಿಕೆ ನಿಂತಂತೆ ಕಾಣುತ್ತದೆ, ಒಳಗೆ ಎಣ್ಣೆ ತುಂಬಿ ಕ್ಲಚ್ ಪ್ಲೇಟನ್ನು ನೆನೆಸುತ್ತದೆ.

ಕಣ್ಣಿಗೇ ಕಾಣದ ಸೋರಿಕೆಯೂ ಉಂಟು. ಗೇರ್ ಬಾಕ್ಸಿನ ಎಣ್ಣೆ ಒಳಗಿನ ಸೀಲನ್ನು ದಾಟಿ ಪಕ್ಕದ ಟ್ರಾನ್ಸ್‌ಫರ್ ಬಾಕ್ಸಿಗೆ ಹೋಗುತ್ತದೆ. ನೆಲ ಒಣಗಿಯೇ ಇರುತ್ತದೆ. ಒಂದರಲ್ಲಿ ಎಣ್ಣೆ ಕಡಿಮೆಯಾಗಿ ಇನ್ನೊಂದರಲ್ಲಿ ತುಂಬಿ ತುಳುಕುತ್ತಿದ್ದರೆ ಇದೇ ಕಾರಣ. ಎರಡರ ಮಟ್ಟವನ್ನೂ ಒಟ್ಟಿಗೆ ನೋಡದೆ ಇದು ಗೊತ್ತಾಗದು.

ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸುರಿಯುವುದು

ನಮ್ಮ ಭಾಷೆಯಲ್ಲಿ ಸೋರಿಕೆಯ ಪ್ರಮಾಣಕ್ಕೆ ಬೇರೆ ಬೇರೆ ಪದಗಳೇ ಇವೆ. ವಾಹನದ ಮಟ್ಟಿಗೂ ಅವು ಚೆನ್ನಾಗಿ ಹೊಂದುತ್ತವೆ. ಲೋಹದ ಮೈ ಪಸೆಪಸೆಯಾಗಿ ಧೂಳು ಅಂಟಿದ್ದರೆ ಅದು ಒಸರುವುದು. ಹನಿ ಕಟ್ಟಿದೆ, ಆದರೆ ಬೀಳುತ್ತಿಲ್ಲ ಎಂದರೆ ಜಿನುಗುವುದು. ಬಿದ್ದರೆ ತೊಟ್ಟಿಕ್ಕುವುದು. ಮೊದಲೆರಡು ಹಳೆಯ ವಾಹನದಲ್ಲಿ ಸಹಜ, ವರ್ಷಕ್ಕೊಮ್ಮೆ ಒರೆಸಿ ನೋಡಿದರೆ ಸಾಕು.

ತೊಟ್ಟಿಕ್ಕುವುದನ್ನು ಲೆಕ್ಕ ಹಾಕಬಹುದು. ಸ್ಥೂಲವಾಗಿ 30 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿಯೋಣ. ಹತ್ತು ನಿಮಿಷಕ್ಕೊಂದು ಹನಿಯಂತೆ ದಿನಕ್ಕೆ 144 ಹನಿ, ಅಂದರೆ 5 ಮಿಲಿಲೀಟರಿನಷ್ಟು. ತಿಂಗಳಿಗೆ 150 ಮಿಲಿಲೀಟರ್. ನಿಮಿಷಕ್ಕೊಂದು ಹನಿಯಾದರೆ ದಿನಕ್ಕೆ 48 ಮಿಲಿಲೀಟರ್, ಮೂರು ವಾರಕ್ಕೆ ಒಂದು ಲೀಟರ್. ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಆದರೆ ಎಷ್ಟು ಸೋರಿತು ಎಂಬುದಕ್ಕಿಂತ ಯಾವ ಪಾತ್ರೆಯಿಂದ ಸೋರಿತು ಎಂಬುದು ಮುಖ್ಯ. ಲ್ಯಾಂಡ್ ರೋವರ್ ಸೀರೀಸಿನ 2.25 ಲೀಟರ್ ಎಂಜಿನ್ನಿನಲ್ಲಿ ಸುಮಾರು 6 ಲೀಟರ್ ಎಣ್ಣೆ ಇರುತ್ತದೆ. 150 ಮಿಲಿಲೀಟರ್ ಹೋದರೆ ಅದರ ನಲವತ್ತನೆಯ ಒಂದು ಭಾಗ, ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ. ಅದೇ ವಾಹನದ ಸ್ವಿವೆಲ್ ಗೋಳ ಹಿಡಿಯುವುದು ಬರೀ ಅರ್ಧ ಲೀಟರ್. ಅಲ್ಲಿಂದ 150 ಮಿಲಿಲೀಟರ್ ಹೋದರೆ ಮೂರನೆಯ ಒಂದು ಭಾಗವೇ ಖಾಲಿ. ಎಂಜಿನ್ನಿಗೆ ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಇದೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವಿದೆ. ಡಿಫರೆನ್ಷಿಯಲ್ಲಿಗೂ ಸ್ವಿವೆಲ್ಲಿಗೂ ದೀಪವಿಲ್ಲ. ಅವುಗಳ ಮಟ್ಟ ತಿಳಿಯಲು ಪಕ್ಕದ ಪ್ಲಗ್ ಬಿಚ್ಚಿ ಬೆರಳಿಟ್ಟು ನೋಡಬೇಕು. ಎಲ್ಲರೂ ಎಂಜಿನ್ನಿನ ಕಪ್ಪು ಕಲೆಯ ಬಗ್ಗೆ ಚಿಂತಿಸುತ್ತಾರೆ, ಪಾತ್ರೆ ಬತ್ತಿ ಗೇರು ಕಿತ್ತುಹೋಗುವುದು ಯಾರೂ ನೋಡದ ಕಡೆ. ಕೆಂಪು ದೀಪವನ್ನೂ ಪೂರ್ತಿ ನೆಚ್ಚಬಾರದು. ಅದು ಎಣ್ಣೆಯ ಒತ್ತಡ ಬಿದ್ದ ಮೇಲೆ ಹೊತ್ತಿಕೊಳ್ಳುತ್ತದೆ, ಮಟ್ಟ ಇಳಿದಾಗ ಅಲ್ಲ.

ಹೊರಗಿನ ಅಳತೆಗೋಲೊಂದು ಬೇಕೆಂದರೆ ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯ ನಿಯಮವನ್ನು ನೋಡಬಹುದು. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಐದು ನಿಮಿಷದಲ್ಲಿ ನೆಲದ ಮೇಲೆ 75 ಮಿಲಿಮೀಟರ್ ಅಗಲದ ಮಡು ಕಟ್ಟುವಷ್ಟು ಸೋರಿದರೆ ವಾಹನ ಅನುತ್ತೀರ್ಣ. ಅದು ಸುರಿಯುವುದರ ಲೆಕ್ಕಕ್ಕೇ ಸೇರಿದ್ದು.

ಒಂದು ದಿನವೂ ತಡ ಮಾಡಬಾರದವು

ಬ್ರೇಕ್ ದ್ರವ ಮತ್ತು ಇಂಧನದ ವಿಷಯದಲ್ಲಿ ಒಂದು ಹನಿಯೂ ಕ್ಷಮ್ಯವಲ್ಲ. ಕಂಡರೆ ವಾಹನವನ್ನು ಅಲ್ಲೇ ನಿಲ್ಲಿಸಿ.

ಚಕ್ರದ ಒಳಬದಿಯಲ್ಲಿ, ಟಯರಿನ ಮೇಲೆ ಅಥವಾ ಬ್ರೇಕ್ ಡ್ರಮ್ಮಿನ ಅಂಚಿನಲ್ಲಿ ಗೇರ್ ಎಣ್ಣೆ ಕಂಡರೆ ಆಕ್ಸಲ್ ಎಣ್ಣೆ ಚಕ್ರದ ನಡುಭಾಗವಾದ ಹಬ್‌ನ ಸೀಲನ್ನು ದಾಟಿ ಬ್ರೇಕಿಗೆ ತಲುಪಿದೆ ಎಂದರ್ಥ. ಆರಂಭದಲ್ಲಿ ಹೇಳಿದ ಆ ನಾಲ್ಕನೆಯ ಕಲೆ ಇದು. ಎಣ್ಣೆ ಕುಡಿದ ಲೈನರ್ ಹಿಡಿಯುವುದಿಲ್ಲ. ಬ್ರೇಕ್ ಒತ್ತಿದಾಗ ವಾಹನ ಒಂದು ಬದಿಗೆ ಎಳೆಯುತ್ತದೆ. ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆ ಲೈನರಿನ ಒಡಲಿಗೆ ಇಳಿದಿರುತ್ತದೆ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಸೀಲ್ ಬದಲಿಸಿ, ಬ್ರೀದರ್ ತೊಳೆದು, ಎರಡೂ ಬದಿಗೆ ಹೊಸ ಲೈನರ್ ಹಾಕಬೇಕು.

ಎಕ್ಸಾಸ್ಟ್ ಪೈಪಿನ ಮೇಲೆ ಬೀಳುವ ಹನಿ ಬೆಂಕಿಗೆ ಕಾರಣವಾಗಬಲ್ಲದು. ಕ್ಲಚ್ ಜಾರುವುದು, ನಡುಗುತ್ತ ಹಿಡಿಯುವುದು ಶುರುವಾದರೆ ಹಿಂಬದಿಯ ಸೀಲಿನ ಸರದಿ ಬಂದಿದೆ. ಮತ್ತೆ, ನಿನ್ನೆಯವರೆಗೆ ಮೂರು ಹನಿ ಬೀಳುತ್ತಿದ್ದ ಕಡೆ ಇಂದು ಮೂವತ್ತು ಬಿದ್ದರೆ, ಜಾಗ ಯಾವುದೇ ಇರಲಿ, ನೋಡಲೇಬೇಕು.

ಮನೆಯಲ್ಲೇ ಮಾಡಬಹುದಾದ ಕೆಲಸ

ಸೋರಿಕೆ ಕಂಡ ಕೂಡಲೇ ಬೋಲ್ಟ್ ಬಿಗಿ ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ, ಹೆಚ್ಚು ಹಾನಿ ಮಾಡುವುದೂ ಅದೇ. ತಗಡಿನ ಮುಚ್ಚಳವನ್ನು ಅತಿಯಾಗಿ ಬಿಗಿದರೆ ಬೋಲ್ಟಿನ ಸುತ್ತ ತಗಡು ಒಳಕ್ಕೆ ಬಾಗುತ್ತದೆ, ಎರಡು ಬೋಲ್ಟುಗಳ ನಡುವೆ ಕಮಾನಿನಂತೆ ಮೇಲೇಳುತ್ತದೆ, ಕಾರ್ಕ್ ಹಿಂಡಿಕೊಂಡು ಹೊರಬರುತ್ತದೆ. ಮುಚ್ಚಳ ತೆಗೆದು ಮರದ ತುಂಡಿನ ಮೇಲಿಟ್ಟು, ಬೋಲ್ಟಿನ ತೂತಿನ ಸುತ್ತಲಿನ ತಗ್ಗನ್ನು ಹಗುರವಾಗಿ ಬಡಿದು ಸಮ ಮಾಡಿ ಹೊಸ ಕಾರ್ಕ್ ಹಾಕಿದರೆ ಅರ್ಧ ಸೋರಿಕೆಗಳು ನಿಲ್ಲುತ್ತವೆ. ಸಿಲಿಕೋನ್ ಪೇಸ್ಟನ್ನು ದಪ್ಪಗೆ ಬಳಿಯುವ ಆಸೆ ಬೇಡ. ಹೊರಗೆ ಉಕ್ಕಿದ್ದು ಕಣ್ಣಿಗೆ ಕಾಣುತ್ತದೆ; ಒಳಗೆ ಉಕ್ಕಿದ್ದು ತುಂಡಾಗಿ ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಿಬಿಡಬಹುದು.

ನನಗೆ ಬಹಳ ಇಷ್ಟವಾದ ಕೆಲಸ ತಾಮ್ರದ ವಾಷರಿನದು. ಎಣ್ಣೆ ಬಸಿಯುವ ಪ್ಲಗ್ಗಿನ ಕೆಳಗೆ ಇಂಥ ವಾಷರ್ ಇರುತ್ತದೆ. ಒಮ್ಮೆ ಬಿಗಿದ ಒತ್ತಡಕ್ಕೆ ತಾಮ್ರ ಗಟ್ಟಿಯಾಗಿರುತ್ತದೆ, ಎರಡನೆಯ ಸಲ ಹಾಕಿದರೆ ಹೊಂದಿಕೊಳ್ಳದೆ ತೊಟ್ಟಿಕ್ಕುತ್ತದೆ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಒಡ್ಡಿ. ಮೊದಲು ಅದರ ಮೇಲೆ ಕಾಮನಬಿಲ್ಲಿನ ಬಣ್ಣಗಳು ಹರಿದಾಡುತ್ತವೆ, ಆಮೇಲೆ ಮಂದ ಕೆಂಪಾಗುತ್ತದೆ. ಆಗ ನೀರಿಗೆ ಹಾಕಿ. ಉಕ್ಕನ್ನು ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಮಾತ್ರ ಮೆತ್ತಗಾಗುತ್ತದೆ. ಕಪ್ಪು ಪೊರೆಯನ್ನು ಉಜ್ಜಿ ತೆಗೆದು ಹಾಕಿದರೆ ಹೊಸದರಂತೆ ಕೂರುತ್ತದೆ. ಅಲ್ಯೂಮಿನಿಯಂ ಅಥವಾ ಫೈಬರ್ ವಾಷರಿಗೆ ಇದನ್ನು ಮಾಡಬೇಡಿ.

ಸ್ವಿವೆಲ್ ಗೋಳದ ಸಮಸ್ಯೆ ಬೇರೆ ಬಗೆಯದು. ಮುಂದಿನ ಚಕ್ರ ಎಡಬಲಕ್ಕೆ ತಿರುಗಬೇಕು, ಶಕ್ತಿಯೂ ಅಲ್ಲಿಗೆ ತಲುಪಬೇಕು; ಅದಕ್ಕೆಂದೇ ಹೊಳೆಯುವ ಕ್ರೋಮಿಯಂ ಲೇಪದ ದೊಡ್ಡ ಗುಂಡಿನ ಮೇಲೆ ಸೀಲ್ ಜಾರಾಡುತ್ತದೆ. ಗುಂಡು ಮಳೆ ಕೆಸರಿಗೆ ತೆರೆದುಕೊಂಡಿರುವುದರಿಂದ ಲೇಪಕ್ಕೆ ತುಕ್ಕು ಹಿಡಿದು ಕುಳಿಗಳಾಗುತ್ತವೆ, ಆ ಕುಳಿಗಳ ಅಂಚು ಸೀಲನ್ನು ಕತ್ತರಿಸುತ್ತದೆ. ಗುಂಡು ಬದಲಿಸುವವರೆಗೆ ಅನೇಕ ಮಾಲೀಕರು ಅಲ್ಲಿ ತೆಳು ಎಣ್ಣೆಯ ಬದಲು ಗಂಜಿಯಂಥ ಅರೆದ್ರವ ಗ್ರೀಸ್ ತುಂಬುತ್ತಾರೆ. ಲ್ಯಾಂಡ್ ರೋವರ್ ಕೂಡ ನಂತರದ ವರ್ಷಗಳಲ್ಲಿ ತನ್ನ ವಾಹನಗಳ ಸ್ವಿವೆಲ್ಲಿಗೆ ಇಂಥ ಗ್ರೀಸನ್ನೇ ಬಳಸತೊಡಗಿತು.

ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ರಬ್ಬರನ್ನು ಮೆತ್ತಗಾಗಿಸಿ ಉಬ್ಬಿಸುವ ರಾಸಾಯನಿಕ. ಗಡುಸಾದ ರಬ್ಬರಿಗೆ ಕೆಲಕಾಲ ಉಪಯೋಗ ಕಾಣಬಹುದು. ಕಾರ್ಕ್, ಕಾಗದ, ಹಗ್ಗಕ್ಕೆ, ಸವೆದ ಶಾಫ್ಟಿಗೆ ಅದರಿಂದ ಏನೂ ಆಗದು. ಎಣ್ಣೆ ತುಂಬುವಾಗಲೂ ಕೈಪಿಡಿ ಹೇಳಿದ್ದನ್ನೇ, ಹೇಳಿದ ಮಟ್ಟಕ್ಕೇ ತುಂಬಿ. ಹೇಗೂ ಸೋರುತ್ತದೆಂದು ಹೆಚ್ಚು ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಸೋರಿಕೆಯೂ ಹೆಚ್ಚುತ್ತದೆ. ಹಳೆಯ ಗೇರ್ ಬಾಕ್ಸಿನ ಹಿತ್ತಾಳೆ ಉಂಗುರಗಳಿಗೆ ಜಿಎಲ್-5 ದರ್ಜೆಯ ಎಣ್ಣೆ ಹೊಂದದಿರಬಹುದು. ಕೈಪಿಡಿ ಜಿಎಲ್-4 ಎಂದಿದ್ದರೆ ಅದನ್ನೇ ಹುಡುಕಿ ತನ್ನಿ. ಇನ್ನೊಂದು ತಪ್ಪು ತಿಳಿವಳಿಕೆ: ಸೋರಿದಷ್ಟೂ ಹೊಸ ಎಣ್ಣೆ ಸೇರುತ್ತಿದೆಯಲ್ಲ, ಆದ್ದರಿಂದ ಎಣ್ಣೆ ಬದಲಿಸುವುದು ಬೇಡ ಎನ್ನುವುದು. ಹಳೆಯ ಕೊಳೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಾದ ಸಂಪಿನಲ್ಲೇ ಉಳಿದಿರುತ್ತದೆ, ಫಿಲ್ಟರ್ ಕೂಡ ಹಳೆಯದೇ.

ನೆಲಕ್ಕೆ ಬಿದ್ದ ಎಣ್ಣೆ

ಒಂದು ಹನಿ ಎಣ್ಣೆ ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ಎಷ್ಟು ಹರಡುತ್ತದೆ ಎಂಬುದನ್ನು ಮಳೆಯ ರಸ್ತೆಯಲ್ಲಿ ಎಲ್ಲರೂ ಕಂಡಿದ್ದೇವೆ. ಸೋರುವ ವಾಹನದೊಂದಿಗೆ ಬಾಳುವವರಿಗೆ ಈ ಹೊಣೆಯೂ ಇದೆ. ನಿಲ್ಲಿಸುವ ಕಡೆ ಅಂಚಿರುವ ಲೋಹದ ತಟ್ಟೆ ಇಟ್ಟು ಅದರಲ್ಲಿ ಮರದ ಹೊಟ್ಟನ್ನೋ ಎಣ್ಣೆ ಹೀರುವ ಜೇಡಿಮಣ್ಣಿನ ಪುಡಿಯನ್ನೋ ಹರಡಿ. ನೆಲಕ್ಕೆ ಬಿದ್ದದ್ದನ್ನು ನೀರು ಹಾಕಿ ಚರಂಡಿಗೆ ತಳ್ಳಬೇಡಿ. ಅದೇ ಪುಡಿ ಉದುರಿಸಿ, ಒಂದು ರಾತ್ರಿ ಬಿಟ್ಟು, ಗುಡಿಸಿ ತೆಗೆಯಿರಿ. ಬಳಸಿದ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಹಳೆ ಎಣ್ಣೆ ಸಂಗ್ರಹಿಸುವವರಿಗೆ ಕೊಡಬೇಕು. ಎಣ್ಣೆ ಹೀರಿದ ಹೊಟ್ಟು, ಚಿಂದಿ ಬಟ್ಟೆಗಳನ್ನು ರಾಶಿ ಹಾಕಿಡಬೇಡಿ, ಸುಲಭವಾಗಿ ಬೆಂಕಿ ಹಿಡಿಯುತ್ತವೆ. ಬಳಸಿದ ಎಂಜಿನ್ ಆಯಿಲಿನಲ್ಲಿ ಉರಿದ ಇಂಧನದ ಹಾನಿಕಾರಕ ಅಂಶಗಳು ಸೇರಿರುತ್ತವೆ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸಾಬೂನಿನಲ್ಲಿ ತೊಳೆಯಿರಿ.

ಸೋರುವ ಎಣ್ಣೆ ಚಾಸಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ ಎಂಬ ಮಾತಿದೆ. ಎಣ್ಣೆ ತಾಗಿದ ಕಡೆ ತುಕ್ಕು ಕಡಿಮೆ ಎನ್ನುವುದು ನಿಜ. ಆದರೆ ಅದೇ ಎಣ್ಣೆ ಎಂಜಿನ್ ಕೂರುವ ರಬ್ಬರ್ ಮೌಂಟುಗಳನ್ನೂ ಸಸ್ಪೆನ್ಷನ್ನಿನ ಬುಶ್‌ಗಳನ್ನೂ ಉಬ್ಬಿಸಿ ಕೊಳೆಯಿಸುತ್ತದೆ.

ರಟ್ಟು ಒಣಗಿದ್ದರೆ

ಇಂಥ ವಾಹನ ಇಟ್ಟುಕೊಂಡವರ ನಡುವೆ ಒಂದು ಮಾತು ಬಹಳ ಚಾಲ್ತಿಯಲ್ಲಿದೆ: ಎಣ್ಣೆ ಸೋರುತ್ತಿಲ್ಲ ಎಂದರೆ ಒಳಗೆ ಎಣ್ಣೆಯೇ ಇಲ್ಲ. ಇದನ್ನು ನಕ್ಕು ಬಿಡಬಾರದು. ಪ್ರತಿದಿನ ಐದು ಹನಿ ಬೀಳುತ್ತಿದ್ದ ಜಾಗದಲ್ಲಿ, ನೀವು ಯಾವ ಸೀಲನ್ನೂ ಮುಟ್ಟದೆ, ಒಂದು ಬೆಳಿಗ್ಗೆ ರಟ್ಟು ಒಣಗಿ ಕಂಡರೆ ಎಣ್ಣೆಯ ಮಟ್ಟ ಸೋರುವ ಜಾಗಕ್ಕಿಂತ ಕೆಳಗಿಳಿದಿರುವ ಸಾಧ್ಯತೆ ಇದೆ. ಕ್ಲಚ್ ಗೂಡಿನ ರಂಧ್ರದಲ್ಲಿ ಬೋಲ್ಟ್ ಉಳಿದುಬಿಟ್ಟಿರಲೂಬಹುದು. ಕೀಲಿ ತಿರುಗಿಸಬೇಡಿ. ಮೊದಲು ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ನೋಡಿ. ಆಮೇಲೆ ಸ್ಪ್ಯಾನರ್ ಹಿಡಿದು ಕೆಳಗೆ ತೂರಿ, ಆ ಹನಿ ಯಾವ ಪಾತ್ರೆಯದ್ದಾಗಿತ್ತೋ ಅದರ ಪ್ಲಗ್ ಬಿಚ್ಚಿ ಕಿರುಬೆರಳನ್ನು ಒಳಗಿಡಿ. ಬೆರಳ ತುದಿಗೆ ಎಣ್ಣೆ ತಾಗಿದರೆ ಮಾತ್ರ ವಾಹನವನ್ನು ಹೊರಗೆ ತೆಗೆಯಿರಿ.